ಕರೆಂಟು ಹೋದ ಲೆಕ್ಕ – ಕಂತು ೭

"ಬಂತೂ!"

ಇಡೀ ಬೀದಿ ಒಂದೇ ಗಂಟಲಿನಲ್ಲಿ ಕೂಗಿತು. ಎದುರುಮನೆಯ ರೇಡಿಯೊ ಯಾವುದೋ ಹಾಡಿನ ಬಾಲ ಹಿಡಿದು ಎದ್ದಿತು. ಪಕ್ಕದ ಮನೆ ಚೋನಾಳ ಹಳೆಯ ಫ್ರಿಜ್ಜು ಒಮ್ಮೆ ಕೆಮ್ಮಿ ಗುರುಗುಟ್ಟತೊಡಗಿತು. ಬೆಳಿಗ್ಗೆ ಏಳಕ್ಕೆ ಹೋದ ಕರೆಂಟು ಹನ್ನೊಂದೂವರೆಗೆ ಬಂದಿತ್ತು.

ನಾನು ಇದಾಲ್ಮಿಸಳ ಮನೆಯ ಕಂಪ್ಯೂಟರಿನ ಕೀಲಿಮಣೆಯ ಕಡೆ ಕೈ ಚಾಚಿದೆ. ಅವಳು ಗಬಕ್ಕನೆ ನನ್ನ ಕೈ ಹಿಡಿದಳು.

"ಮುಟ್ಬೇಡಿ ಗ್ರಿಸೆಲ್ ಅಕ್ಕ. ಅದೇ ಎಲ್ಲಾನೂ ತೆರೀಲಿ. ಮಧ್ಯೆ ಕೈ ಹಾಕಿದ್ರೆ ಲೀವಾನ್ ಬೈತಾ..."

ಮಾತು ಅಲ್ಲೇ ನಿಂತಿತು. ಲೀವಾನ್ ಅವಳ ಗಂಡ. ದೋಣಿ ಹತ್ತಿ ದೇಶ ಬಿಟ್ಟು ಹೋಗಿ ಹತ್ತು ದಿನವಾಯಿತೆಂದು ನಮ್ಮ ಬಂದರೂರು ಹಿಬಾರಾ ಎಲ್ಲ ನಂಬಿತ್ತು. ಹಾಗೆಂದು ಹೇಳುವ ಕಾಗದ ಇದೇ ಪರದೆಯ ಮೇಲೆ ಅವಳಿಗೆ ಸಿಕ್ಕು ಇವತ್ತಿಗೆ ಒಂದು ವಾರ. ಅದು ಅವನೇ ಬರೆದದ್ದಾ ಎಂದು ನೋಡಲು ನಾನು ಬಂದಿದ್ದೆ.

ಪರದೆ ಬೆಳಗಿತು. ಯಾರೂ ಮುಟ್ಟದೆ ಒಂದರ ಹಿಂದೊಂದು ಕಿಟಕಿಗಳು ತೆರೆದುಕೊಂಡವು. ಮೊದಲು ಯಾರದೋ ದೋಣಿಯ ನಕ್ಷೆ, ಆಮೇಲೆ ಹಲಗೆಗಳ ಅಳತೆಯ ಪಟ್ಟಿ, ಎಲ್ಲಕ್ಕಿಂತ ಮುಂದೆ ಆ ಕಾಗದ. ಕರೆಂಟು ಹೋಗುವಾಗ ಯಾವ ಅಕ್ಷರದ ಪಕ್ಕ ಗೀಟು ಮಿನುಗುತ್ತಿತ್ತೋ ಅಲ್ಲೇ ಬಂದು ಮಿನುಗಿತು. ನಾನು ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ಕಾಗದಪತ್ರ ಪರೀಕ್ಷೆ ಮಾಡಿದವಳು. ಮಸಿ, ನೀರು, ಸುಳ್ಳು ಸಹಿ, ಇವೆಲ್ಲ ಗೊತ್ತು. ತಾನಾಗಿ ಎದ್ದು ಕೂರುವ ಕಾಗದವನ್ನು ಮಾತ್ರ ನೋಡಿರಲಿಲ್ಲ.

"ಇದೇ ಅವ್ನ ಪಕ್ಕದ್ಮನೆಯಾಕೆ," ಅಂದಳು ಇದಾಲ್ಮಿಸ್.

"ಯಾರು, ಚೋನಾನಾ?"

"ಅಯ್ಯೋ ಅಲ್ಲ. ಈ ಪ್ರೋಗ್ರಾಮಿಗೆ ಅವ್ನು ಇಟ್ಟ ಹೆಸ್ರು. ಎಲ್ಲಾರ ಮನೇದೂ ನೋಡ್ತಾಳೆ, ಒಂದನ್ನೂ ಮರೆಯಲ್ಲ ಅಂತ."

ಲೀವಾನ್ ಬಂದರಿನ ದೋಣಿ ರಿಪೇರಿ ಶೆಡ್ಡಿನಲ್ಲಿ ನಕ್ಷೆ ಬರೆಯುತ್ತಿದ್ದ. ದಿನಕ್ಕೆರಡು ಸಲ ಕರೆಂಟು ಹೋಗಿ ಬರೆದದ್ದೆಲ್ಲ ಮಣ್ಣುಪಾಲಾಗುತ್ತಿತ್ತು. ಒಂದು ದಿನ ಅಳುವಷ್ಟು ಸಿಟ್ಟು ಬಂದು ಈ ಪ್ರೋಗ್ರಾಮ್ ಬರೆದನಂತೆ. ಕರೆಂಟು ಹೋದರೆ ಮೇಜಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ಬಡಕೊಳ್ಳುತ್ತಾ ಮೂರು ನಿಮಿಷ ಯಂತ್ರವನ್ನು ಎಚ್ಚರವಾಗಿಡುತ್ತದೆ. ಆ ಮೂರು ನಿಮಿಷದಲ್ಲಿ ಪ್ರೋಗ್ರಾಮು ಯಾವ ಯಾವ ಕೆಲಸ ತೆರೆದಿದೆ, ಯಾವುದು ಮುಂದಿದೆ, ಯಾವುದು ಹಿಂದಿದೆ, ಎಷ್ಟನೇ ಸಾಲಿನಲ್ಲಿ ನಿಂತಿದೆ ಎಂದು ಬರೆದುಕೊಂಡು ಎಲ್ಲದರ ಪ್ರತಿ ತೆಗೆದಿಟ್ಟು ಯಂತ್ರವನ್ನು ಮಲಗಿಸುತ್ತದೆ. ಕರೆಂಟು ಬಂದ ಕೂಡಲೇ ಎಬ್ಬಿಸಿ ಇದ್ದದ್ದನ್ನು ಇದ್ದ ಹಾಗೆ ಹರಡುತ್ತದೆ.

"ಮೊದ್ಲು ಬರೆದಾಗ ಏನಾಯ್ತು ಗೊತ್ತಾ ಅಕ್ಕ? ತೆರೆದಿರೋ ಕೆಲಸಗಳ ಪಟ್ಟೀಲಿ ತನ್ನನ್ನೂ ಸೇರಿಸ್ಕೊಂಡ್‌ಬಿಡ್ತು. ಕರೆಂಟು ಬಂದ್ರೆ ತನ್ನನ್ನೇ ತೆರೆಯೋದು, ಅದು ಮತ್ತೆ ತನ್ನನ್ನೇ ತೆರೆಯೋದು. ಪರದೆ ತುಂಬಾ ಕಿಟಕಿ! ಇವ್ನು ತಲೆ ಮೇಲೆ ಕೈ ಹೊತ್ತು ಕೂತಿದ್ದ. ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡಿದ್ದೆ."

ಈಗಲೂ ನಕ್ಕಳು. ನಗು ಅರ್ಧದಲ್ಲೇ ದಾರಿ ತಪ್ಪಿತು. ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ಆ ಪ್ರತಿಗಳು ಎಲ್ಲಿವೆ? ಹಳೇದನ್ನ ಅಳಿಸುತ್ತೋ, ಇಟ್ಕೊಳ್ಳುತ್ತೋ?" ಅಂತ ಕೇಳಿದೆ.

"ಇವ್ನು ಏನನ್ನಾದ್ರೂ ಬಿಸಾಡಿದ್ದುಂಟಾ? ಸೊಟ್ಟ ಮೊಳೇನೂ ಬಡಿದು ನೆಟ್ಟಗೆ ಮಾಡಿಡೋನು. ಎಲ್ಲಾ ಇದೆ ಅಕ್ಕ, ಮೊದಲ್ನೇ ದಿನದಿಂದ."

ಅವಳೇ ತೆರೆದು ತೋರಿಸಿದಳು. ಸಾಲಾಗಿ ಸಂಖ್ಯೆಗಳು, ಒಂದರಿಂದ ನಾನೂರ ಮೂವತ್ತೊಂದರವರೆಗೆ. ಪಕ್ಕದಲ್ಲಿದ್ದ ತಾರೀಕು ಓದಿ ನನಗೆ ರೇಗಿಹೋಯಿತು. ಎಲ್ಲದಕ್ಕೂ ಒಂದೇ ತಾರೀಕು, ಜನವರಿ ಒಂದು, ಅದೂ ಇಪ್ಪತ್ತು ವರ್ಷದ ಹಿಂದಿನದು.

"ಒಳಗಿನ ಬಟನ್ ಬ್ಯಾಟರಿ ಸತ್ತಿದೆ," ಅಂದಳು. "ಹೊಸದು ಸಿಗ್ಲಿಲ್ಲ. ಪ್ರತಿ ಸಲ ಕರೆಂಟು ಬಂದಾಗ ಗಡಿಯಾರ ಮೊದಲಿಂದ ಶುರು. ಅದಕ್ಕೇ ಇವ್ನು ತಾರೀಕು ನಂಬ್ದೆ ನಂಬರು ಹಾಕ್ಸಿದ್ದು. ಒಂದ್ಸಲ ಕರೆಂಟು ಹೋದ್ರೆ ಒಂದು ನಂಬರು."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಇದನ್ನ ಯಾವತ್ತಾದ್ರೂ ಆಫ್ ಮಾಡ್ತೀರಾ?"

"ಇಲ್ಲ. ಆಫ್ ಮಾಡೋ ಕೆಲಸ ಕರೆಂಟಿನೋರೇ ಮಾಡ್ತಾರಲ್ಲ."

ಇವತ್ತು ಬೆಳಿಗ್ಗೆ ಹೋದದ್ದು ನಾನೂರ ಮೂವತ್ತೊಂದು. ಹಿಂದಕ್ಕೆ ಎಣಿಸುತ್ತಾ ಹೋದರೆ ಆ ಕಾಗದ ಮೊಟ್ಟಮೊದಲು ಯಾವ ನಂಬರಿನಲ್ಲಿದೆಯೋ ಅದೇ ಅದು ಹುಟ್ಟಿದ ದಿನ. ಬೇಕಾದದ್ದು ಒಂದೇ, ಯಾವ ದಿನ ಎಷ್ಟು ಸಲ ಕರೆಂಟು ಹೋಯಿತೆಂಬ ಲೆಕ್ಕ. ಅದನ್ನು ಯಾವ ತಲೆಕೆಟ್ಟವರು ಬರೆದಿಟ್ಟಿರುತ್ತಾರೆ?

"ಚೋನಾ!" ಅಂತ ಇಬ್ಬರೂ ಒಟ್ಟಿಗೆ ಅಂದೆವು.

ಚೋನಾಗೆ ಎಪ್ಪತ್ತೆರಡು. ಫ್ರಿಜ್ಜಿನಲ್ಲಿಟ್ಟ ಹಂದಿಮಾಂಸ ತಿನ್ನುವ ಹಾಗಿದೆಯೋ ಇಲ್ಲವೋ ಎಂದು ತಿಳಿಯಲು ಕರೆಂಟು ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಅಡುಗೆಮನೆ ಕಪಾಟಿನ ಬಾಗಿಲ ಮೇಲೆ ಇದ್ದಿಲಲ್ಲಿ ಗೀಚುತ್ತಾಳೆ. ಬೀದಿಯವರೆಲ್ಲ ಅವಳನ್ನು ಆಡಿಕೊಳ್ಳುವವರೇ, ಸಂದೇಹ ಬಂದರೆ ಅವಳ ಬಾಗಿಲಿಗೇ ಬರುವವರೂ ಅವರೇ. ಗೋಡೆಯಾಚೆಗೆ ವಿಷಯ ಕೂಗಿ ಹೇಳಿದೆ.

"ಇಲ್ಲಿಗೆ ಬಂದು ಓದೋಕೆ ನಿನ್ನ ಮಂಡಿ ಬಿಡಲ್ಲ, ಓದಿ ಹೇಳೋಕೆ ನನ್ನ ಕಣ್ಣು ಬಿಡಲ್ಲ," ಅಂದಳು. "ಇರು ಬಂದೆ."

ಹತ್ತು ನಿಮಿಷಕ್ಕೆ ಬಂದಳು. ಕಪಾಟಿನ ಬಾಗಿಲನ್ನೇ ಬಿಚ್ಚಿ, ತಲೆಯ ಮೇಲೆ ಹೊತ್ತು ತಂದಿದ್ದಳು. ಗೋಡೆಗೆ ಒರಗಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ತಗೋ. ಊರಿಗೆಲ್ಲಾ ನಾನು ಹುಚ್ಚಿ ಆಗಿದ್ದೆ ತಾನೆ? ಓದು ಈಗ."

ನಾನು ಬಾಗಿಲಿಗೆ ಬೆರಳಿಟ್ಟೆ. ಆಗ ಇದಾಲ್ಮಿಸ್ ಮೆಲ್ಲಗೆ ಕೇಳಿದಳು.

"ಅಕ್ಕ, ಎಣಿಸೋಕ್ಮುಂಚೆ ಒಂದ್ಮಾತು. ಕಾಗದ ಅವಂದೇ ಅಂತಾದ್ರೆ ಅವ್ನು ಎಲ್ಲೋ ಬದುಕಿದಾನೆ, ನನ್ನನ್ನ ಬೇಡ ಅಂತ ಬಿಟ್ಟು ಹೋಗಿದಾನೆ. ಅವಂದಲ್ಲ ಅಂತಾದ್ರೆ ನನ್ನನ್ನ ಬಿಟ್ಟಿಲ್ಲ. ಆದ್ರೆ... ಆದ್ರೆ ಮತ್ತೆಲ್ಲಿದಾನೆ? ನಾನು ಯಾವ್ದನ್ನ ಬೇಡ್ಕೊಳ್ಲಿ ಹೇಳಿ."

ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಅದು. ಅವಳ ಕೆನ್ನೆ ಸವರಿ ಎಣಿಸಲು ಶುರುಮಾಡಿದೆ.

ಇವತ್ತು ಶುಕ್ರವಾರ, ಒಂದು. ನಿನ್ನೆ ಗುರುವಾರ, ಎರಡು. ಬುಧವಾರ ಎರಡು. ಚೋನಾ ಒಂದೊಂದು ಗೀಟಿಗೂ ಆ ದಿನ ತಾನು ಬೇಯಿಸಿದ್ದೇನೆಂದು ಹೇಳುತ್ತಿದ್ದಳು. ಹಿಂದೆ ಹಿಂದೆ ಹೋಗಿ ಹೋದ ವಾರಕ್ಕೆ ತಲುಪಿದೆವು.

ಹೋದ ವಾರ ಇದಾಲ್ಮಿಸ್ ಊರಲ್ಲಿರಲಿಲ್ಲ. ಅಕ್ಕನಿಗೆ ಆಪರೇಷನ್ನೆಂದು ಭಾನುವಾರ ಒಲ್ಗೀನ್ ಪಟ್ಟಣಕ್ಕೆ ಹೋದವಳು ಶುಕ್ರವಾರ ನಾಲ್ಕಕ್ಕೆ ವಾಪಸಾದಳು. ಅವಳು ಬಾಗಿಲು ತೆಗೆಯುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಗಿ ಯಂತ್ರ ಕಾಗದವನ್ನು ಅವಳ ಕಣ್ಣೆದುರೇ ಹರಡಿತ್ತು. ಲೀವಾನ್‌ನ ಜೊತೆಗಾರ ಒನೇಲಿಯೊ, ಅದೇ ಶೆಡ್ಡಿನ ಬಡಗಿ, ಹೇಳಿದ ಕತೆ ಹೀಗಿತ್ತು: ಮಂಗಳವಾರ ಸಂಜೆ ಲೀವಾನ್ ಬಂದು ತಬ್ಬಿಕೊಂಡು ಹೇಳಿಹೋದ. ಅವತ್ತೇ ದೋಣಿ ಹತ್ತಿದ. ಕಾಗದ ಬರೆದಿಟ್ಟಿದ್ದೀನಿ ಅಂದ.

ಬಾಗಿಲಿನ ಲೆಕ್ಕದಲ್ಲಿ ಮಂಗಳವಾರದ್ದು ನಾನೂರ ಹನ್ನೊಂದು ಮತ್ತು ಹನ್ನೆರಡು.

"ಹನ್ನೊಂದು ತೆರಿ," ಅಂದೆ.

ತೆರೆದಳು. ದೋಣಿಯ ನಕ್ಷೆ, ಹಲಗೆಯ ಅಳತೆ. ಕಾಗದ ಇಲ್ಲ. ಅದರ ಜಾಗದಲ್ಲಿ ಮುಂದೆ ಇದ್ದದ್ದು ಒಂದು ಪುಟ್ಟ ಪಟ್ಟಿ. ಮೇಲೆ 'ಶುಕ್ರವಾರದೊಳಗೆ' ಎಂದಿತ್ತು. ಫ್ಯಾನಿಗೆ ಎಣ್ಣೆ. ಚೋನಾಗೆ ಪಾತ್ರೆ ವಾಪಸ್. ಹಿತ್ತಿಲ ಕಿಟಕಿಯ ಚಿಲಕ. ಇದಾಲ್ಮಿಸ್ ಚಪ್ಪಲಿ ಹೊಲಿಸು.

ಇದಾಲ್ಮಿಸ್ ಎದ್ದು ಒಳಗೆ ಹೋದಳು. ಮಂಚದ ಕೆಳಗೆ ಏನೋ ಎಳೆದ ಸದ್ದು. ಕೈಯಲ್ಲಿ ಕಂದು ಚಪ್ಪಲಿ ಹಿಡಿದು ಬಂದಳು. ಕಿತ್ತುಹೋಗಿದ್ದ ಪಟ್ಟಿಗೆ ಹೊಸ ದಾರ, ಒತ್ತೊತ್ತಾದ ಹೊಲಿಗೆ.

"ಹೊಲ್ಸಿಟ್ಟಿದಾನೆ," ಅಂದಳು. "ನಾನು ನೋಡೇ ಇರ್ಲಿಲ್ಲ. ಒಂದು ವಾರದಿಂದ ಅವ್ನಿಗೆ ಶಾಪ ಹಾಕ್ತಾ ಇದೀನಿ ಅಕ್ಕ, ಇದೇ ಮಂಚದ ಮೇಲೆ ಕೂತು."

ಚೋನಾ ಅವಳನ್ನು ಎದೆಗೆಳೆದುಕೊಂಡಳು. ನಾನು ಪರದೆಯ ಕಡೆ ತಿರುಗಿದೆ. ಅಳುವುದನ್ನು ನೋಡಲು ನನಗೆ ಯಾವತ್ತೂ ಬರುವುದಿಲ್ಲ.

ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು. ನಾಲ್ಕರಲ್ಲೂ ಅದೇ ಪಟ್ಟಿ, ಒಂದು ಅಕ್ಷರ ಆಚೀಚೆಯಿಲ್ಲ. ಯಾರೂ ಮುಟ್ಟಿರಲಿಲ್ಲ. ಕರೆಂಟು ಬಂದಾಗಲೆಲ್ಲ ಯಂತ್ರ ಎಲ್ಲವನ್ನೂ ಅಚ್ಚುಕಟ್ಟಾಗಿ ಹರಡಿದೆ, ಹೋದಾಗ ಮಡಚಿದೆ, ಊಟಕ್ಕೆ ಬಾರದವನಿಗೆ ಎಲೆ ಹಾಕಿ ಕಾದ ಹಾಗೆ.

ಹದಿನಾರರಲ್ಲಿ ಪಟ್ಟಿ ಹಿಂದೆ ಸರಿದಿತ್ತು. ಮುಂದೆ ಕಾಗದ ಬಂದು ಕೂತಿತ್ತು.

"ಹದಿನಾರು ಯಾವತ್ತು ಚೋನಾ?"

"ಗುರುವಾರ ಮಧ್ಯಾಹ್ನ. ಅವತ್ತು ಕಪ್ಪು ಹುರುಳಿ ಇಟ್ಟಿದ್ದೆ, ಕರೆಂಟಿನ ಒಲೆ ನಿಂತು ಅರೆಬೆಂದೇ ಉಳೀತು."

ಮಂಗಳವಾರ ದೋಣಿ ಹತ್ತಿದವನು ಗುರುವಾರ ಇಲ್ಲಿ ಕೂತು ಬರೆಯಲಾರ. ಇದಾಲ್ಮಿಸ್ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

"ಅತ್ತಿಗೇ, ಇದೀರಾ? ಮರಗೆಣಸು ಬೇಯಿಸಿ ತಂದಿದೀನಿ."

ಒನೇಲಿಯೊ. ಒಂದು ವಾರದಿಂದ ದಿನಾ ಈ ಹೊತ್ತಿಗೆ ಬರುತ್ತಾನೆ, ಏನಾದರೂ ಕಟ್ಟಿಕೊಂಡು. ಬೀದಿಯವರು ಅವನನ್ನು ದೇವರಂಥ ಮನುಷ್ಯ ಅನ್ನತೊಡಗಿದ್ದರು. ಒಳಗೆ ಬಂದವನು ಗೋಡೆಗೊರಗಿದ ಕಪಾಟಿನ ಬಾಗಿಲು ನೋಡಿ ನಕ್ಕ.

"ಏನಿದು ಚೋನಾ ಚಿಕ್ಕಮ್ಮ, ಮನೆ ಖಾಲಿ ಮಾಡ್ತಿದೀರಾ?"

"ಕೂತ್ಕೋ ಒನೇಲಿಯೊ," ಅಂದೆ. "ಲೀವಾನ್ ಕಾಗದ ಬರೆದದ್ದು ಯಾವತ್ತು?"

"ಎಷ್ಟು ಸಲ ಹೇಳ್ಲಿ ಗ್ರಿಸೆಲ್ ಅಕ್ಕ? ಹೋಗೋಕ್ಮುಂಚೆ."

"ಹೋಗೋಕ್ಮುಂಚೆ ಅಂದ್ರೆ?"

"ಅಂದ್ರೆ... ಮುಂಚೆ. ಸೋಮವಾರಾನೋ, ಮಂಗಳವಾರಾನೋ. ನಾನೇನು ಪಕ್ಕದಲ್ಲಿ ಕೂತಿದ್ನಾ?"

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಗುರುವಾರ ಮಧ್ಯಾಹ್ನ ಅಂತ ಈ ಯಂತ್ರ ಹೇಳ್ತಿದೆ."

ಅವನು ನಿಜಕ್ಕೂ ನಕ್ಕ. ಆ ನಗೆಯಲ್ಲಿ ಭಯವಿರಲಿಲ್ಲ, ತಾರೀಕು ಸಿಗದೆಂಬ ಆ ಧೈರ್ಯವೇ ಅವನನ್ನು ಹಿಡಿದುಕೊಟ್ಟಿತು.

"ಇದಾ? ಇದಕ್ಕೆ ಯಾವ ವರ್ಷ ಅಂತಾನೇ ಗೊತ್ತಿಲ್ಲ ಅಕ್ಕ! ಯಾವಾಗ ನೋಡಿದ್ರೂ ಜನವರಿ ಒಂದು. ಶೆಡ್ಡಲ್ಲಿ ಲೀವಾನ್‌ಗೆ ದಿನಾ ರೇಗಿಸ್ತಿದ್ವಿ, ನಿನ್ನ ಮನೇಲಿ ದಿನಾ ಹೊಸವರ್ಷ ಅಂತ."

"ದಿನ ಗೊತ್ತಿಲ್ಲ, ನಿಜ," ಅಂದೆ. "ಎಣಿಸೋಕೆ ಗೊತ್ತು. ಕರೆಂಟು ಎಷ್ಟು ಸಲ ಹೋಯ್ತು ಅಂತ ಇದು ಎಣಿಸುತ್ತೆ. ಯಾವತ್ತು ಹೋಯ್ತು ಅಂತ ಆ ಬಾಗಿಲು ಹೇಳುತ್ತೆ."

ಅವನು ಬಾಗಿಲು ನೋಡಿದ. ಪರದೆ ನೋಡಿದ. ಚೋನಾಳ ಮುಖ ನೋಡಿದ. ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ನೆಲದ ಮೇಲಿಟ್ಟ. ಆಮೇಲೆ ತಾನೂ ಅದರ ಪಕ್ಕದಲ್ಲೇ ಕುಸಿದು ಕೂತ.

"ನಾನೇ ಬರೆದೆ," ಅಂದ.

"ಅವ್ನೆಲ್ಲಿ?" ಇದಾಲ್ಮಿಸ್ ಕೇಳಿದಳು.

"ಅತ್ತಿಗೆ..."

"ಅವ್ನೆಲ್ಲಿ ಒನೇಲಿಯೊ?"

"ಸಮುದ್ರದಲ್ಲಿ."

ತುಂಡು ತುಂಡಾಗಿ ಹೇಳಿದ. ಮಂಗಳವಾರ ಮಧ್ಯಾಹ್ನ ಇಬ್ಬರೂ ಪರವಾನಗಿಯಿಲ್ಲದ ಸಣ್ಣ ದೋಣಿಯಲ್ಲಿ ಮೀನಿಗೆ ಹೋಗಿದ್ದರು. ಶುಕ್ರವಾರ ಇದಾಲ್ಮಿಸ್ ಬರುವ ಹೊತ್ತಿಗೆ ಒಂದು ಒಳ್ಳೆಯ ಮೀನು ಹಿಡಿದಿಡಬೇಕೆಂದು ಲೀವಾನ್‌ನೇ ಹೊರಡಿಸಿದ್ದಂತೆ. ಬಡಗಣ ಗಾಳಿ ಎದ್ದಿತು. ಬಂಡೆಸಾಲಿನ ಹತ್ತಿರ ದೋಣಿ ಮಗುಚಿತು. ಒನೇಲಿಯೊಗೆ ದೋಣಿಯ ಅಂಚು ಸಿಕ್ಕಿತು, ಲೀವಾನ್‌ಗೆ ಸಿಗಲಿಲ್ಲ.

"ಎರಡು ದಿನ ಮನೇಲಿ ಬಿದ್ಕೊಂಡಿದ್ದೆ. ಹೇಳಿದ್ರೆ ಜೈಲು ಅಂತ ಹೆದರಿಕೆ. ಅದೊಂದೇ ಅಲ್ಲ ಅಕ್ಕ, ದೇವರಾಣೆ. ನಮ್ಮೂರಲ್ಲಿ ಬಿಟ್ಟು ಹೋದೋರು ಎಷ್ಟು ಜನ! ಹೋದೋರ ಮನೆಯೋರು ಬೈತಾರೆ, ಅಳ್ತಾರೆ, ಆದ್ರೂ ಉಣ್ತಾರೆ. ಇನ್ನೊಂದ್ ದಿನ ಫೋನು ಬರುತ್ತೆ ಅಂತ ಕಾಯ್ತಾರೆ. ಅತ್ತಿಗೆಗೂ ಅಷ್ಟಾದ್ರೂ ಇರ್ಲಿ ಅಂದ್ಕೊಂಡೆ. ಹಿತ್ತಿಲ ಕಿಟಕಿ ಚಿಲಕ ಮುರ್ದಿದೆ ಅಂತ ಗೊತ್ತಿತ್ತು. ಬಂದು ಬರೆದೆ. ಬರೀತಿರುವಾಗ್ಲೇ ಕರೆಂಟು ಹೋಯ್ತು. ಇದು ಇಟ್ಕೊಳ್ಳುತ್ತೆ ಅಂತ ಗೊತ್ತಲ್ಲ, ಹಂಗೇ ಬಿಟ್ಟು ಹೋದೆ."

ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಅವನಿಗಾಗಿ ಅಯ್ಯೋ ಅನ್ನಿಸಿತು, ಅದೂ ನಿಜ.

ಇದಾಲ್ಮಿಸ್ ಅಳಲಿಲ್ಲ. "ಕೂಗಿದ್ನಾ?" ಅಂತ ಮಾತ್ರ ಕೇಳಿದಳು.

"ಗಾಳಿ ಸದ್ದು ಅತ್ತಿಗೆ. ಏನೂ ಕೇಳಿಸ್ಲಿಲ್ಲ. ಒಂದು ಕೈ ಕಂಡಿತು. ಆಮೇಲೆ ಅದೂ ಕಾಣಿಸ್ಲಿಲ್ಲ."

ತಪ್ಪೊಪ್ಪಿಗೆ ಕೇಳಿದ ಕೂಡಲೇ ನಂಬುವ ಜಾತಿಯವಳಲ್ಲ ನಾನು. ಕಾಗದ ಬರೆದವನಿಗೆ ಅದು ಬಾಯಿಗೆ ಬರುತ್ತದೆ, ಬರೆಯದವನಿಗೆ ಮಧ್ಯದಲ್ಲಿ ಎಡವುತ್ತದೆ. ಹಳೆಯ ಪರೀಕ್ಷೆ.

"ನೀನು ಬರೆದದ್ದನ್ನ ಹೇಳು. ಪರದೆ ನೋಡ್ಬೇಡ, ಆ ಕಡೆ ತಿರುಗು."

ಗೋಡೆಯ ಕಡೆ ಮುಖಮಾಡಿ ಹೇಳಿದ. ಒಂದೊಂದು ಪದವೂ ಸರಿಯಾಗಿತ್ತು.

"'ಇದಾಲ್ಮಿಸ್, ನಾನು ಹೊರಟೆ. ನಿನ್ನ ತಪ್ಪು ಏನೂ ಇಲ್ಲ. ಇಲ್ಲಿ ಇನ್ನು ನನ್ನಿಂದ ಆಗುವುದಿಲ್ಲ. ಹುಡುಕಬೇಡ. ತಲುಪಿದ ಮೇಲೆ ತಿಳಿಸುತ್ತೇನೆ. ಏನು ಬೇಕಾದರೂ ಒನೇಲಿಯೊನನ್ನು ಕೇಳು.'"

"ಆಮೇಲೆ?" ಇದಾಲ್ಮಿಸ್ ಕೇಳಿದಳು. ಅವಳ ಕಣ್ಣು ಪರದೆಯ ಮೇಲಿತ್ತು.

"ಅಷ್ಟೇ ಅತ್ತಿಗೆ."

"ಇನ್ನೊಂದು ಸಾಲಿದೆ."

"ಇಲ್ಲ. ಅಷ್ಟೇ ಬರೆದಿದ್ದು ನಾನು."

ಅವಳು ಓದಿದಳು. "'ನೀರು ಕುದಿಸಿ ಕುಡಿ, ಹೋದ ಸಲದ ಹಾಗೆ ಹಟ ಮಾಡಬೇಡ.'"

ಒನೇಲಿಯೊ ತಿರುಗಿ ಪರದೆ ನೋಡಿದ. ಅವನ ಮುಖದಲ್ಲಿದ್ದ ದಿಗಿಲು ನಟನೆಯದಲ್ಲ. ನಾನು ಇಂಥ ಮುಖಗಳನ್ನು ಸಾಕಷ್ಟು ನೋಡಿದ್ದೇನೆ.

"ಇದು ನಂದಲ್ಲ ಅಕ್ಕ. ಹೋದ ಸಲ ಏನಾಯ್ತು ಅಂತಾನೇ ನಂಗೊತ್ತಿಲ್ಲ!"

"ಯಾರಿಗೂ ಗೊತ್ತಿಲ್ಲ," ಅಂದಳು ಇದಾಲ್ಮಿಸ್. "ಮಳೆಗಾಲದಲ್ಲಿ ಕುದಿಸದೇ ಕುಡಿದು ಮೂರು ದಿನ ವಾಂತಿ. ಡಾಕ್ಟರ ಹತ್ರ ಮೀನು ಕೆಟ್ಟಿತ್ತು ಅಂದೆ. ನಿಜ ಗೊತ್ತಿದ್ದದ್ದು ಅವನೊಬ್ಬನಿಗೇ. ಈ ಸಾಲು ನೋಡೇ ನಾನು ಕಾಗದ ನಂಬಿದ್ದು."

ಹದಿನಾರು ತೆರೆದೆ. ಆ ಸಾಲು ಇರಲಿಲ್ಲ. ಹದಿನೇಳು. ಇರಲಿಲ್ಲ. ಹದಿನೆಂಟರಲ್ಲಿ ಇತ್ತು.

"ಶುಕ್ರವಾರ," ಚೋನಾ ಬಾಗಿಲಿಗೆ ಮುಖ ಹತ್ತಿರ ಹಿಡಿದು ಓದಿದಳು. "ಬೆಳಿಗ್ಗೆ ಎಂಟಕ್ಕೆ ಬಂತು, ಹನ್ನೆರಡಕ್ಕೆ ಹೋಯ್ತು, ನಾಲ್ಕಕ್ಕೆ ಬಂತು." ಶಿಲುಬೆ ಗುರುತು ಹಾಕಿಕೊಂಡಳು. "ಎಂಟರಿಂದ ಹನ್ನೆರಡರ ಒಳಗೆ ಯಾರೋ ಇಲ್ಲಿ ಕೂತಿದ್ರು, ಮೇರಿ ಮಾತೆ!"

"ಅವತ್ತು ಬೆಳಿಗ್ಗೆ ನೀನೆಲ್ಲಿದ್ದೆ?" ಒನೇಲಿಯೊನನ್ನು ಕೇಳಿದೆ.

"ಶೆಡ್ಡಲ್ಲಿ. ಆರು ಜನ ಹೇಳ್ತಾರೆ." ಹೇಳುತ್ತಾ ಹೇಳುತ್ತಾ ಅವನಿಗೆ ಅರ್ಥವಾಯಿತು. ಮೊಣಕಾಲ ಮೇಲೆ ಎದ್ದ. ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. "ಬದುಕಿದಾನೆ! ಅತ್ತಿಗೆ, ಅವ್ನು ಸತ್ತಿಲ್ಲ! ನಾನು ಕೊಂದಿಲ್ಲ ಅವನನ್ನ!"

ಚೋನಾಳೂ ಅಳುತ್ತಾ ಇದಾಲ್ಮಿಸಳನ್ನು ತಬ್ಬಲು ಹೋದಳು. ಇದಾಲ್ಮಿಸ್ ಅವಳ ಕೈಯನ್ನು ಮೆಲ್ಲಗೆ ಸರಿಸಿದಳು. ಆ ಮನೆಯಲ್ಲಿ ಸಂತೋಷಪಡದೆ ಕೂತಿದ್ದವರು ನಾವಿಬ್ಬರೇ. ಅವಳಿಗೆ ಹೊಳೆದದ್ದು ನನಗೂ ಹೊಳೆದಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳದಿರಲಿ ಎಂದು ಬೇಡಿಕೊಂಡೆ.

"ನಾಲ್ಕು ಗಂಟೆಗೆ ನಾನು ಬರ್ತೀನಿ ಅಂತ ಅವ್ನಿಗೆ ಗೊತ್ತಿತ್ತು," ಅಂದಳು. ದನಿ ಸಣ್ಣಗಿತ್ತು. "ಈ ಕುರ್ಚೀಲಿ ಕೂತು ಈ ಸುಳ್ಳನ್ನ ಪೂರ್ತಿ ಓದಿದಾನೆ. ಅಳಿಸಬಹುದಿತ್ತು. ಒಂದು ಗುಂಡಿ ಒತ್ತಿದ್ರೆ ಸಾಕಿತ್ತು ಅಕ್ಕ. ಅಳಿಸ್ಲಿಲ್ಲ. ಹೌದು ಅಂತ ಬಿಟ್ಟ."

ನಾನು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡೆ.

"ಸತ್ತಿದ್ರೆ ಅತ್ತು ಮುಗಿಸ್ತಿದ್ದೆ," ಅಂದಳು. ಚಪ್ಪಲಿಗಳನ್ನು ನೆಲಕ್ಕಿಟ್ಟು ಒಂದೊಂದಾಗಿ ಕಾಲಿಗೆ ಹಾಕಿಕೊಂಡು ಎದ್ದು ನಿಂತಳು. "ಏಳಿ ಅಕ್ಕ. ಹೋಗೋಣ. ಬದುಕಿರೋನು, ಕೈಲಿ ದೋಣಿನೂ ಇಲ್ದೋನು, ದೂರ ಹೋಗಿರಲ್ಲ."